ತಪ್ಪು ಕಪಾಟು

ಬಾ ಮುಬೀನಾ, ಮೊದಲು ಕೈ ತೊಳೆದು ಬಾ.
ಸ್ಟೇಷನ್ನಿನ ಚುರುಮುರಿ ತಿಂದು ಬಂದಿದ್ದೀಯ,
ಜಿಡ್ಡು ಬೆರಳಿಗಿಂತ ಕಾಗದಕ್ಕೆ ಬೇಗ ಹತ್ತುತ್ತೆ.

ಇದು ಪುಸ್ತಕದ ಬೆನ್ನು,
ಬೆನ್ನಿನ ಮೇಲಿನ ಚೀಟಿ ಅದರ ವಿಳಾಸ.
ಬಿಂದುವಿನ ಆಚೆಗೂ ಅಂಕಿಗಳಿವೆ ನೋಡು,
ಎಲ್ಲರೂ ಎಡವುವುದು ಅಲ್ಲೇ.
ಬಿಂದು ಹನ್ನೆರಡು ಅನ್ನಬೇಡ;
ಬಿಂದು ಒಂದು ಎರಡು ಅನ್ನು.
ಅದು ಬಿಂದು ಒಂಬತ್ತಕ್ಕಿಂತ ಮೊದಲು ಬರುತ್ತೆ.
ಬಿ.ಕಾಂ. ಹುಡುಗಿ ನೀನು, ಗೊತ್ತು, ಆದರೂ ಹೇಳಿದೆ.
ಹೋದ ವರ್ಷದವನು ಎಂ.ಎಸ್ಸಿ. ಗಣಿತ,
ಖಗೋಳವನ್ನೆಲ್ಲ ತಿರುಗಾ ಮುರುಗಾ ಮಾಡಿಟ್ಟಿದ್ದ.

ಈ ರಿಜಿಸ್ಟರಿನಲ್ಲಿ ಬಂದ ಹೊತ್ತು ಬರಿ, ಹೋದ ಹೊತ್ತು ಬರಿ.
ಗಂಟೆಗಿಷ್ಟು ಅಂತ ದುಡ್ಡು.
ಯುಗಾದಿಗೆ ಬರಬೇಕಾದ್ದು ಗೌರಿಹಬ್ಬಕ್ಕೆ ಬರುತ್ತೆ,
ಕೇಳಿದರೆ ಬಿಲ್ಲು ಹಾಸನಕ್ಕೆ ಹೋಗಿದೆ ಅನ್ನುತ್ತಾರೆ.
ರೈಲು ತಡ ಅಂತ ಮಾತ್ರ ನೆಪ ಹೇಳಬೇಡ:
ಅರಸೀಕೆರೆಯಲ್ಲಿ ಅದು ನಡೆಯಲ್ಲ,
ರೈಲಿನ ಕೂಗು ನನ್ನ ಮೇಜಿಗೂ ಕೇಳಿಸುತ್ತೆ.

ಧೂಳು ಹೊಡೆಯುವಾಗ ಓದಬೇಡ.
ಓದೇ ಓದುತ್ತೀಯ. ನಿಂತು ಓದು,
ಕೂತೆಯೋ, ಸಂಜೆ ಆಗಿರುತ್ತೆ.

ಇನ್ನೊಂದು ಮಾತು, ಇದು ಮುಖ್ಯ.
ಕದ್ದ ಪುಸ್ತಕ ಯಾರದೋ ಮನೆಯಲ್ಲಿ ಇದ್ದೇ ಇರುತ್ತೆ,
ತಪ್ಪು ಕಪಾಟಿಗೆ ಇಟ್ಟ ಪುಸ್ತಕ
ಎಲ್ಲೂ ಇರುವುದಿಲ್ಲ.
ಇದನ್ನೇ ರೇವಣಸಿದ್ಧನಿಗೂ ಹೇಳಿದ್ದೆ,
ಹಾರನಹಳ್ಳಿಯವನು, ಎಡಗೈ,
ಇಡೀ ಸಾಲನ್ನು ಕಣ್ಣಲ್ಲೇ ಸರಿಮಾಡುವವನು.
ಅವನಂಥ ಕೆಲಸಗಾರ ಆಮೇಲೆ ಸಿಕ್ಕಿಲ್ಲ.

ಮಾರ್ಚಿನ ತಪಾಸಣೆಯಲ್ಲಿ ಮೂರು ಗೈಡು ಇಲ್ಲ,
ಮೂರೂ ಗುಮಾಸ್ತೆ ಪರೀಕ್ಷೆಯವು.
ನಾಲ್ಕು ದಿನ ಹುಡುಕಿದೆ.
ಸಿಕ್ಕವು ಆರುನೂರ ಮೂವತ್ತೆಂಟರಲ್ಲಿ,
ರೇಷ್ಮೆಹುಳುವಿನ ರೋಗಗಳ ಹಿಂದೆ,
ತೊಂಬತ್ತೇಳರಿಂದ ಯಾರೂ ಮುದ್ರೆ ಒತ್ತಿಸದ ಹಲಗೆಯಲ್ಲಿ.
ಒಳಗೊಂದು ಚೀಟಿ, ಪೆನ್ಸಿಲ್ಲಿನಲ್ಲಿ:
'ನೂರಾ ಹನ್ನೆರಡು ಮುಗೀತು. ಹೊಸದು ಬಂದ್ರೆ ಇಲ್ಲೇ ಇಡು.'
ಚೀಟಿಯ ಮೂಲೆಯಲ್ಲಿ ಕೊಬ್ಬರಿಯ ಜಿಡ್ಡು.

ಮಂಡಿಯಲ್ಲಿ ಮೂಟೆ ಹೊಲಿಯುವವನು ಯಾರೋ,
ಡಿಗ್ರಿ ಮುಗಿದು ಕಾರ್ಡು ವಾಪಸ್ಸು ಕೊಟ್ಟವನು,
ಶನಿವಾರ ಮಧ್ಯಾಹ್ನ ನಾನು ಊಟಕ್ಕೆ ಹೋದಾಗ
ಬಂದು ಕೂರುತ್ತಿದ್ದ.
ಹೆಸರು ಹೇಳು ಅಂದೆ.
ರೇವಣ ಏಣಿಯ ಮೇಲಿಂದ ಇಳಿದ,
'ತಪ್ಪಾಯ್ತು ಮೇಡಂ' ಅಂದ,
ಹೆಸರು ಹೇಳಲಿಲ್ಲ.

ಒಂದು ವಾರದ ಗಂಟೆ ಕತ್ತರಿಸಿದೆ.
ಮೂವತ್ತು ಜನ ಗೈಡಿಗೆ ಕಾಯುತ್ತಿದ್ದರು, ಕತ್ತರಿಸಲೇಬೇಕಿತ್ತು.
ಆ ವಾರವೂ ಬಂದ, ರಿಜಿಸ್ಟರು ಮುಟ್ಟಲಿಲ್ಲ,
ಹರಿದ ಬೆನ್ನುಗಳಿಗೆಲ್ಲ ಗೋಂದು ಹಚ್ಚಿ ಹೋದ.

ಆಮೇಲೆ ನಾನೊಂದು ಅರ್ಜಿ ಬರೆದೆ:
ಹಳೆಯ ವಿದ್ಯಾರ್ಥಿಗಳಿಗೆ ಶನಿವಾರದ ಮಟ್ಟಿಗೆ
ಕೂತು ಓದುವ ಅವಕಾಶ ಕೊಡಿ ಅಂತ.
ಹದಿನಾಲ್ಕು ತಿಂಗಳಾಯ್ತು.
ಪ್ರಿನ್ಸಿಪಾಲರು ಅದರ ಮೇಲೆ ಟೀ ಲೋಟ ಇಡುತ್ತಾರೆ,
ವೃತ್ತದ ಗುರುತು ನಾನೇ ಕಂಡಿದ್ದೇನೆ.

ಅಲ್ಲಿಯವರೆಗೆ, ಮುಬೀನಾ,
ಕೊನೆಯ ಸಾಲಿನ ಕೆಳಗಿನ ಹಲಗೆ ಒರೆಸುವಾಗ
ರೇಷ್ಮೆಹುಳುವಿನ ಹಿಂದೆ ಇರುವುದನ್ನು
ಇರುವಲ್ಲೇ ಬಿಡು.
ಅದು ನನ್ನ ದುಡ್ಡಿನದು, ಕಾಲೇಜಿನ ಮುದ್ರೆ ಇಲ್ಲ,
ಮೂವತ್ತು ಜನರ ಪಾಲು ಅವರ ಕಪಾಟಿನಲ್ಲೇ ಇದೆ.
ಅಲ್ಲೊಂದು ಸ್ಟೂಲು ಯಾಕಿದೆ ಅಂತ
ಯಾರಾದರೂ ಕೇಳಿದರೆ ನಿನಗೆ ಗೊತ್ತಿಲ್ಲ.
ಚೀಟಿ ಈಗ ಮುನ್ನೂರ ನಾಲ್ಕಕ್ಕೆ ಬಂದಿದೆ.

ಏನು ನಗುತ್ತೀಯ?
ಕೈ ಇನ್ನೂ ಒದ್ದೆ ಇದೆ ನಿನ್ನದು.
ಒರೆಸಿಕೊ. ಆಮೇಲೆ ಮುಟ್ಟು.